ಹೊಸ ಅಡಿಕೆ ಹಳೆಯದಾಗುವುದು ಯಾವಾಗ? ಸಾಫ್ಟ್‌ವೇರ್ ಇಂಜಿನಿಯರಿಂಗ್ ಕೋರ್ಸ್ ಮುಗಿಸಿದವಳ ಕೆಲವು ಮಾತುಗಳು

ಅಂಗಳದ ಅಡಿಕೆ · ಶನಿವಾರ ರಾತ್ರಿ 9.40

ಮೊನ್ನೆ ಆರನೇ ಸೆಮಿಸ್ಟರಿನ ಪರೀಕ್ಷೆಗಳು ಮುಗಿದವು. ಹಾಸ್ಟೆಲ್ ಖಾಲಿ ಮಾಡಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಸ್ಸು ಹತ್ತಿದಾಗ ಚೀಲದಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ ಒಂದು ದಪ್ಪ ಪುಸ್ತಕವಿತ್ತು. ನಮ್ಮ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪ್ರಾಜೆಕ್ಟಿನ ವರದಿ. ಮನೆಗೆ ಬಂದು ಎರಡು ದಿನ ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಬರೆದವರೇ ಓದದ ಪುಸ್ತಕ ಅದು. ಬಹುಶಃ ಅದನ್ನು ಮೊದಲು ಓದಿದವಳು ನಾನೇ.

ನಮ್ಮ ಕಾಲೇಜಿನಲ್ಲಿ ಈ ವಿಷಯಕ್ಕೆ 'ಕಥೆ ಬರೆದು ಪಾಸಾಗುವ ಪೇಪರ್' ಎಂಬ ಹೆಸರಿದೆ. ಸಾಫ್ಟ್‌ವೇರನ್ನು ಒಂದೊಂದೇ ಹಂತ ಇಳಿಯುತ್ತಾ ಕಟ್ಟುವ ಜಲಪಾತ ಮಾದರಿಯ ಚಿತ್ರ, ಸುತ್ತು ಸುತ್ತಾಗಿ ಬೆಳೆಸುವ ಸುರುಳಿ ಮಾದರಿಯ ಚಿತ್ರ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಕೆಲಸ ಮಾಡಿ ಎನ್ನುವ, 2001ರಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯ ನಾಲ್ಕು ಸಾಲು, ಕೋಡನ್ನು ಪರೀಕ್ಷಿಸುವ ಬಗೆಗಳು. ಹಿಂದಿನ ರಾತ್ರಿ ಓದಿದರೂ ಸಾಕು. ನನಗೂ ಒಳ್ಳೆಯ ಅಂಕ ಬರಬಹುದು, ಅದರ ಬಗ್ಗೆ ದೂರಿಲ್ಲ. ಹೇಳಬೇಕೆಂದಿರುವುದು ಪ್ರಾಜೆಕ್ಟಿನ ಬಗ್ಗೆ.

ನಾವು ನಾಲ್ವರು. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದವಳು. ಒಬ್ಬ ನಮ್ಮ ಜಿಲ್ಲೆಯದೇ ಹೊಸದುರ್ಗದವನು, ಒಬ್ಬಳು ಪಯ್ಯನ್ನೂರಿನವಳು, ಇನ್ನೊಬ್ಬ ತ್ರಿಶೂರಿನವನು. ನನ್ನ ಸೋದರಮಾವನಿಗೆ ಅಡಿಕೆ ಖರೀದಿಯ ಅಂಗಡಿ ಇದೆ. ಅವರ ಲೆಕ್ಕವೆಲ್ಲ ಉದ್ದನೆಯ ಪುಸ್ತಕದಲ್ಲಿ, ಚೀಟಿಗಳಲ್ಲಿ, ಉಳಿದದ್ದು ತಲೆಯಲ್ಲಿ. ಅದನ್ನು ಕಂಪ್ಯೂಟರಿಗೆ ತರುತ್ತೇವೆ ಎಂದು ಪ್ರಾಜೆಕ್ಟ್ ಆರಿಸಿಕೊಂಡೆವು. ಅಗತ್ಯಗಳ ದಾಖಲೆ, ಅಂದರೆ ಎಸ್‌ಆರ್‌ಎಸ್, ಮೂರನೆಯ ವಾರದಲ್ಲಿ ಒಪ್ಪಿಸಬೇಕಿತ್ತು. ಹಾಸ್ಟೆಲಿನಲ್ಲಿ ಒಂದೇ ರಾತ್ರಿಯಲ್ಲಿ ಬರೆದೆವು. ಹಿರಿಯ ವಿದ್ಯಾರ್ಥಿಗಳು ಮಾಡಿದ್ದ ದಿನಸಿ ಅಂಗಡಿಯ ಬಿಲ್ಲಿಂಗ್ ಪ್ರಾಜೆಕ್ಟ್ ಎದುರಿಗಿತ್ತು. 'ಅಕ್ಕಿ' ಇದ್ದಲ್ಲಿ 'ಅಡಿಕೆ' ಹಾಕಿದೆವು. ಉಳಿದ ಪುಟಗಳನ್ನು ಚಾಟ್‌ಬಾಟ್ ತುಂಬಿಸಿತು. ಅಡಿಕೆಯನ್ನು ಅದು ಎ, ಬಿ, ಸಿ ಎಂದು ಮೂರು ದರ್ಜೆಯಾಗಿ ವಿಂಗಡಿಸಿತ್ತು. ಇಪ್ಪತ್ತನಾಲ್ಕು ಪುಟ, ವಿನ್ಯಾಸ ತೋರಿಸುವ ಚೆಂದದ ಯುಎಂಎಲ್ ಚಿತ್ರಗಳು, ತರಗತಿಗೇ ಹೆಚ್ಚು ಅಂಕ. ಅಷ್ಟರವರೆಗೆ ಮಾವನಿಗೆ ನಾವು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮೊದಲ ಬಾರಿ ಅಂಗಡಿಗೆ ಹೋದ ದಿನವೇ ಎ, ಬಿ, ಸಿ ಬಿದ್ದುಹೋಯಿತು. ಮಾವ ಬಾಯಿಪಾಠದಂತೆ ಹೇಳಿದರು: ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿ, ಕೋಕ, ಕರಿಗೋಟು. ಬರೆದುಕೊಂಡು ಬಂದೆ. ಡೇಟಾಬೇಸಿನಲ್ಲಿ 'ಬಗೆ' ಎಂದು ಒಂದು ಕಾಲಂ, ಏಳು ಆಯ್ಕೆಗಳ ಪಟ್ಟಿ. ಮುಗಿಯಿತು ಅಂದುಕೊಂಡೆವು.

ಮೊದಲ ಆವೃತ್ತಿ ತೋರಿಸಿದಾಗ ಮಾವ ಪರದೆಯನ್ನು ನೋಡಿ ಕೇಳಿದ್ದು ಇಷ್ಟೇ: "ಇದು ಹೊಸತು ಎಂದು ಬರೆದೆ. ನಾನು ಮಾರದೆ ಇಟ್ಟುಕೊಂಡರೆ ಬರುವ ವರ್ಷವೂ ಇದು ಹೊಸತೆಂದೇ ಇರುತ್ತದೆಯೋ?"

ಅಡಿಕೆಯ ಊರಿನಲ್ಲಿ ಹುಟ್ಟಿ, ಅಂಗಳದಲ್ಲಿ ನಲವತ್ತು ದಿನ ಅಡಿಕೆ ಒಣಗುವುದನ್ನು ಪ್ರತಿವರ್ಷ ನೋಡಿ, ಮಳೆ ಹನಿ ಬಿದ್ದರೆ ಬಾಚಿ ರಾಶಿ ಮಾಡಲು ಓಡಿದವಳು ನಾನು. ಆದರೂ ಹೊಳೆದಿರಲಿಲ್ಲ. ಗೋದಾಮಿನಲ್ಲಿ ಕುಳಿತ ಅಡಿಕೆ ತಾನಾಗಿಯೇ ಬಗೆ ಬದಲಿಸುತ್ತದೆ. ಹೊಸದು ಸಿಂಗಲ್ ಚೋಲ್ ಆಗುತ್ತದೆ, ಅದು ಮುಂದೆ ಡಬಲ್ ಚೋಲ್ ಆಗುತ್ತದೆ. "ಯಾವ ತಾರೀಕಿಗೆ ಮಾವ?" ಎಂದು ಕೇಳಿದೆ, ಕೋಡಿಗೆ ತಾರೀಕು ಬೇಕಲ್ಲ. "ಪೇಟೆ ಹೇಳಿದ ದಿನ" ಎಂದರು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ನಾನು ಮಾವನ ಮಾತನ್ನು ಇಂಗ್ಲಿಷಿಗೆ ತರುವಾಗ 'ಹಳೆ ಅಡಿಕೆ' ಎಂಬುದನ್ನು 'ಓಲ್ಡ್ ಸ್ಟಾಕ್' ಎಂದು ಬರೆದಿದ್ದೆ. ತ್ರಿಶೂರಿನ ಗೆಳೆಯ ಅದನ್ನು ಓದಿ, ದಿನಸಿ ಅಂಗಡಿಯ ಹಳೆಯ ಕೋಡಿನಲ್ಲಿದ್ದ ನಿಯಮವನ್ನೇ ಹಚ್ಚಿದ: ಹಳೆಯ ಸರಕಿಗೆ ಶೇಕಡಾ 10 ರಿಯಾಯಿತಿ. ಹಳೆ ಅಡಿಕೆಗೆ ಬೆಲೆ ಹೆಚ್ಚು ಎಂಬುದು ಇಲ್ಲಿ ಮಗುವಿಗೂ ಗೊತ್ತು. ನಮ್ಮ ಪ್ರೋಗ್ರಾಂ ಡಬಲ್ ಚೋಲನ್ನು ಹೊಸದಕ್ಕಿಂತ ಅಗ್ಗಕ್ಕೆ ಮಾರಿತು. ಮಾವ ನಕ್ಕರು. ಅಂಗಡಿಯಲ್ಲಿ ಕುಳಿತಿದ್ದ ಇಬ್ಬರು ಕೃಷಿಕರು ನಗಲಿಲ್ಲ, ಎದ್ದು ಪರದೆಯ ಹತ್ತಿರ ಬಂದರು.

ಕೋಡಿನಲ್ಲಿ ತಪ್ಪಿರಲಿಲ್ಲ. ದಾಖಲೆಯಲ್ಲಿ ಬರೆದಂತೆಯೇ ಅದು ನಡೆಯುತ್ತಿತ್ತು. ಕೋಡು ಸರಿ ಇದೆಯೇ ಎಂದು ನೋಡಲು ನಾವು ಬರೆದ ಪರೀಕ್ಷೆಗಳೆಲ್ಲ 'ಸರಿ' ಎಂದು ಹಸಿರು ತೋರಿಸಿದ್ದವು, ಏಕೆಂದರೆ ಪರೀಕ್ಷೆಗಳನ್ನೂ ಅದೇ ದಾಖಲೆ ನೋಡಿ ಬರೆದಿದ್ದೆವು.

ಈಗ ಯೋಚಿಸಿದರೆ, ಮಾವ ಕನ್ನಡದಲ್ಲಿ ಹೇಳಿದರು, ಕೃಷಿಕರು ತುಳುವಿನಲ್ಲಿ, ನಾವು ನಾಲ್ವರು ಚರ್ಚಿಸಿದ್ದು ಮಲಯಾಳದಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ಅಡಿಕೆ ಅಂಗಡಿಯಿಂದ ಕಂಪ್ಯೂಟರಿಗೆ ಹೋಗುವಷ್ಟರಲ್ಲಿ ಮೂರು ಗಡಿ ದಾಟಿತು. ಎಲ್ಲಿ ಏನು ಸೋರಿತು ಎಂದು ನೋಡಲು ನಮ್ಮಲ್ಲಿ ಯಾವ ವಿಧಾನವೂ ಇರಲಿಲ್ಲ, ಪಠ್ಯದಲ್ಲಿಯೂ ಅದರ ಬಗ್ಗೆ ಒಂದು ಸಾಲಿಲ್ಲ.

ಅಗತ್ಯಗಳ ದಾಖಲೆಯನ್ನು, ಪೂರ್ತಿ ಅಲ್ಲದಿದ್ದರೂ ಒಂದು ಭಾಗವನ್ನಾದರೂ, ಹೇಳಿದವರ ಭಾಷೆಯಲ್ಲೇ ಬರೆದಿಡಬೇಕಿತ್ತು ಎಂದು ನನಗೆ ಅನಿಸುತ್ತಿದೆ. ಇಲ್ಲಿ ಕೆಲಸದಲ್ಲಿರುವ ಅಣ್ಣಂದಿರು, ಅಕ್ಕಂದಿರು ಇದ್ದೀರಿ. ಹಾಗೆ ಮಾಡಿದವರಿದ್ದೀರಾ?

ನೇರ ಮಾತು · ಶನಿವಾರ ರಾತ್ರಿ 10.15

ತಂಗಿ, ಬರಹ ಚೆನ್ನಾಗಿದೆ. ಆದರೆ ಒಂದು ಮಾತು ಹೇಳುತ್ತೇನೆ, ಬೇಸರಿಸಬೇಡಿ. ನಾನು ಮೂರು ವರ್ಷದ ಹಿಂದೆ ಪಾಸಾದೆ. ಇದುವರೆಗೆ ಒಂಬತ್ತು ಸಂದರ್ಶನಗಳಿಗೆ ಹೋಗಿದ್ದೇನೆ. ಎಸ್‌ಆರ್‌ಎಸ್ ಎಂದರೇನು ಎಂದು ಒಬ್ಬರೂ ಕೇಳಲಿಲ್ಲ. ಲಿಂಕ್ಡ್ ಲಿಸ್ಟ್ ತಿರುಗಿಸು, ಕೊಟ್ಟ ಮೊತ್ತ ಬರುವ ಎರಡು ಸಂಖ್ಯೆ ಹುಡುಕು, ಇಂಥ ಕೋಡಿಂಗ್ ಲೆಕ್ಕಗಳು ಅಷ್ಟೇ. ರಜೆಯಲ್ಲಿ ಅಡಿಕೆಯ ಬಗ್ಗೆ ಚಿಂತಿಸುವುದು ಬಿಟ್ಟು ದಿನಕ್ಕೆ ಎರಡು ಲೆಕ್ಕ ಬಿಡಿಸಿ. ದಾಖಲೆಯನ್ನು ಕನ್ನಡದಲ್ಲಿ ಬರೆದರೆ ತಿದ್ದುವವರು ಯಾರು?

ರಾತ್ರಿ ಬಸ್ಸಿನವನು · ಶನಿವಾರ ರಾತ್ರಿ 11.02

ಪೆರ್ಲದವನು. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ.

ನೇರ ಮಾತು ಅವರು ಹೇಳಿದ್ದು ಸಂದರ್ಶನದ ಮಟ್ಟಿಗೆ ಸರಿ. ಬಾಗಿಲು ದಾಟಲು ಲೆಕ್ಕ ಬೇಕು. ಆದರೆ ಒಳಗೆ ಹೋದ ಮೇಲೆ ನನ್ನ ದಿನದ ಅರ್ಧ ಹೊತ್ತು 'ನೀವು ಹೀಗೆಂದಾಗ ಏನು ಅರ್ಥ?' ಎಂದು ಕೇಳುವುದರಲ್ಲೇ ಕಳೆಯುತ್ತದೆ. 'ಓಲ್ಡ್ ಸ್ಟಾಕ್' ಕಥೆಯನ್ನು ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ.

ನಿಮ್ಮ ಪ್ರಶ್ನೆಗೆ ಉತ್ತರ ಸಿಲೆಬಸ್ಸಿನಲ್ಲೇ ಇದೆ, ಯಾರೂ ತೋರಿಸಿರಲಿಕ್ಕಿಲ್ಲ. ನೀವು ಅನುಸರಿಸಿದ ಎಸ್‌ಆರ್‌ಎಸ್ ನಮೂನೆ ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆಯ 830ನೇ ಮಾನದಂಡ ಆಗಿರಬೇಕು. ಅದರ 1998ರ ಆವೃತ್ತಿಯನ್ನೇ ನಮ್ಮ ಕಾಲೇಜುಗಳು ಇಂದಿಗೂ ಹಂಚುತ್ತವೆ. 2011ರಲ್ಲಿ ಅದರ ಜಾಗಕ್ಕೆ 29148 ಎಂಬ ಬೇರೆ ಮಾನದಂಡ ಬಂದಾಗಿದೆ, ಆ ಮಾತು ಬೇರೆ. ಹಳೆಯ ನಮೂನೆಯ 1.3ನೇ ಭಾಗ ತೆಗೆದು ನೋಡಿ: ವ್ಯಾಖ್ಯೆಗಳು, ಸಂಕ್ಷೇಪಗಳು. ಅಲ್ಲಿ ನೀವೇನು ಬರೆದಿದ್ದೀರಿ? ಪಂದ್ಯ ಕಟ್ಟಿ ಹೇಳುತ್ತೇನೆ, 'ಜಿಯುಐ', 'ಡಿಬಿಎಂಎಸ್' ಎಂಬ ಕಂಪ್ಯೂಟರಿನ ಪದಗಳನ್ನೇ ಬರೆದಿರುತ್ತೀರಿ. ನಾನೂ ಅದನ್ನೇ ಬರೆದಿದ್ದೆ. ಹೊಸ ಅಡಿಕೆ, ಚೋಲು, ಪಟೋರ ಕುಳಿತುಕೊಳ್ಳಬೇಕಾದ ಜಾಗ ಅದು. ಅಲ್ಲಿ ಕನ್ನಡ ಪದವನ್ನು ಕನ್ನಡ ಲಿಪಿಯಲ್ಲೇ ಬರೆದು, ಮಾವನ ಮಾತಿನಲ್ಲಿ ಅರ್ಥ ಕೊಟ್ಟು, ಉಳಿದ ದಾಖಲೆಯಲ್ಲೆಲ್ಲ ಅದೇ ಪದವನ್ನು ಅನುವಾದಿಸದೆ ಬಳಸಿದ್ದರೆ ತ್ರಿಶೂರಿನ ಹುಡುಗ 'ಡಬಲ್ ಚೋಲ್ ಎಂದರೇನು?' ಎಂದು ಕೇಳಲೇಬೇಕಿತ್ತು. ಗೊತ್ತಿಲ್ಲದ ಪದ ಪ್ರಶ್ನೆ ಹುಟ್ಟಿಸುತ್ತದೆ. 'ಓಲ್ಡ್ ಸ್ಟಾಕ್' ಅವನಿಗೆ ಗೊತ್ತಿದ್ದ ಪದ, ಅದೇ ತೊಂದರೆಯಾದದ್ದು.

ಇನ್ನು ಜಲಪಾತ ಮಾದರಿ. ಅದರ ಚಿತ್ರ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧದ್ದು ಎಂದು ಪರೀಕ್ಷೆಯಲ್ಲಿ ಬರೆದಿರುತ್ತೀರಿ. ಆ ಪ್ರಬಂಧ ಹನ್ನೊಂದೇ ಪುಟ, ಹುಡುಕಿ ಓದಿ. 'ಜಲಪಾತ' ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ. ಚಿತ್ರ ಹಾಕಿದ ಕೂಡಲೇ, ಹೀಗೆ ಒಂದೇ ದಿಕ್ಕಿನಲ್ಲಿ ಇಳಿದು ಹೋದರೆ ಅಪಾಯ, ಕೆಲಸ ಕೆಡುತ್ತದೆ ಎಂದು ಅವರೇ ಎಚ್ಚರಿಸುತ್ತಾರೆ. ಗ್ರಾಹಕನನ್ನು ಮೊದಲಿನಿಂದಲೇ ಒಳಗೆ ಸೇರಿಸಿಕೊಳ್ಳಿ ಎಂಬುದೂ ಅವರ ಸಲಹೆಗಳಲ್ಲೊಂದು. ಚಿತ್ರ ಐವತ್ತು ವರ್ಷ ಓಡಿತು, ಎಚ್ಚರಿಕೆ ಆ ಪುಟದಲ್ಲೇ ಉಳಿಯಿತು. ನೀವು ಹಾಸ್ಟೆಲಿನಲ್ಲಿ ಒಂದು ರಾತ್ರಿಯಲ್ಲಿ ಬರೆದ ದಾಖಲೆಯೂ ಆ ಚಿತ್ರದ ಸಂತಾನವೇ.

ಅರ್ಕಾವತ್ತು · ಭಾನುವಾರ ಬೆಳಿಗ್ಗೆ 7.20

ಕಂಪ್ಯೂಟರಿನಲ್ಲಿ ಜನರ ಹೆಸರುಗಳನ್ನು ಕನ್ನಡದಲ್ಲಿ ಉಳಿಸಿದ್ದೀರಾ? ಉಳಿಸಿದ್ದರೆ ಅಡಿಕೆಗಿಂತ ದೊಡ್ಡ ಕಥೆ ಅಲ್ಲಿರಬೇಕು. ನನ್ನ ಕುತೂಹಲ ಅಷ್ಟೇ.

ಅಂಗಳದ ಅಡಿಕೆ · ಭಾನುವಾರ ಬೆಳಿಗ್ಗೆ 8.05

@ರಾತ್ರಿ ಬಸ್ಸಿನವನು ಅಣ್ಣ, ಈಗ ತೆಗೆದು ನೋಡಿದೆ. 1.3ರಲ್ಲಿ ಐದು ಸಾಲುಗಳಿವೆ. ಮೊದಲನೆಯದು ಜಿಯುಐ. ಮೂರನೆಯದು ಡಿಬಿಎಂಎಸ್. ಪಂದ್ಯ ನೀವು ಗೆದ್ದಿರಿ.

@ಅರ್ಕಾವತ್ತು ಕಥೆ ಇದೆ. ತೂಕದ ಚೀಟಿ ಕನ್ನಡದಲ್ಲೇ ಬರಬೇಕೆಂದು ಮಾವನ ಒಂದೇ ಹಟ. ಚೀಟಿಯ ಅಗಲ ಕಡಿಮೆ, ಆದ್ದರಿಂದ ಹೆಸರನ್ನು 30ಕ್ಕೆ ಕತ್ತರಿಸುವ ಸಾಲೊಂದು ಹಳೆಯ ಕೋಡಿನಲ್ಲಿತ್ತು. ಮೊದಲ ಚೀಟಿ ಬಂದಾಗ ಹೆಸರು 'ಸುಬ್ರಹ್ಮಣ್' ಎಂದಿತ್ತು. ಮೂವತ್ತು ಅಕ್ಷರ ಎಲ್ಲಿ, ಸುಬ್ರಹ್ಮಣ್ಯದ ನಾಲ್ಕು ಅಕ್ಷರ ಎಲ್ಲಿ ಎಂದು ಅರ್ಧ ದಿನ ತಲೆ ಕೆರೆದುಕೊಂಡೆವು.

ಚೀಟಿ ಮುದ್ರಿಸುವ ಯಂತ್ರಕ್ಕೆ ಕನ್ನಡ ಗೊತ್ತೇ ಇರಲಿಲ್ಲ ಎಂಬುದು ಆಮೇಲಿನ ಕಥೆ. ಕೊನೆಗೆ ಇಡೀ ಚೀಟಿಯನ್ನು ಚಿತ್ರವಾಗಿ ಮಾಡಿ ಕಳಿಸಬೇಕಾಯಿತು.

ಅರ್ಕಾವತ್ತು · ಭಾನುವಾರ ಬೆಳಿಗ್ಗೆ 8.31

ನಿರೀಕ್ಷಿಸಿದ್ದೆ. ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿಗೆ ಅದು ಹನ್ನೊಂದು ಸಂಕೇತ: ಸ, ಉಕಾರ, ಬ, ವಿರಾಮ (ಸ್ವರ ತೆಗೆಯುವ ಚಿಹ್ನೆ), ರ, ಹ, ವಿರಾಮ, ಮ, ಣ, ವಿರಾಮ, ಯ. ಅವನ್ನು ಉಳಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಜಾಗ. ಒಟ್ಟು 33. ನಿಮ್ಮ ಕೋಡು ಬೈಟುಗಳನ್ನು ಎಣಿಸಿ 30ಕ್ಕೆ ಕತ್ತರಿಸಿತು, ಕೊನೆಯ 'ಯ' ಉದುರಿತು, ವಿರಾಮ ಬಾಲದಂತೆ ಉಳಿಯಿತು. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ 11 ಬೈಟಿನಲ್ಲಿ ಮುಗಿಯುತ್ತಿತ್ತು, ನಿಮಗೆ ದೋಷ ಕಾಣುತ್ತಲೇ ಇರಲಿಲ್ಲ.

ಇನ್ನೊಂದನ್ನು ಪರೀಕ್ಷಿಸಿ. ಒಬ್ಬರು ಒಂದು ಕೀಲಿಮಣೆಯಲ್ಲಿ 'ಗೋಪಾಲ' ಎಂದು ಟೈಪಿಸುತ್ತಾರೆ, ಇನ್ನೊಬ್ಬರು ಬೇರೆ ಕೀಲಿಮಣೆಯಲ್ಲಿ. 'ಗೋ'ದ ಓತ್ವ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ಮೂರು ತುಂಡಾಗಿಯೂ ಬರಬಹುದು. ಪರದೆಯಲ್ಲಿ ಎರಡೂ ಒಂದೇ. ಹುಡುಕಿದರೆ ಒಬ್ಬ ಗೋಪಾಲ ಸಿಗುತ್ತಾನೆ, ಇನ್ನೊಬ್ಬ ಸಿಗುವುದಿಲ್ಲ. ಉಳಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ, ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿದ್ಧ ಸೌಲಭ್ಯ ಇದೆ. 'ಸೂರ್ಯ' ಬರೆಯುವಾಗ ಕೆಲವರು ಅರ್ಕಾವತ್ತು ಬಳಸುತ್ತಾರೆ, ಕೆಲವರು ರಕಾರದ ಕೆಳಗೆ ಯವೊತ್ತು ಕೊಡುತ್ತಾರೆ. ಅಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಕುಳಿತಿರುತ್ತದೆ. ಅದನ್ನು ಈ ನಾರ್ಮಲೈಸೇಶನ್ ಕೂಡ ತೆಗೆಯುವುದಿಲ್ಲ, ನೀವೇ ನೋಡಿಕೊಳ್ಳಬೇಕು. ನನ್ನ ಈ ಹೆಸರು ಸುಮ್ಮನೆ ಇಟ್ಟುಕೊಂಡದ್ದಲ್ಲ.

ದರದ ಎಸ್‌ಎಂಎಸ್ ಕಳಿಸುವ ಯೋಚನೆ ಇದ್ದರೆ ನೆನಪಿಡಿ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160, ಕನ್ನಡದಲ್ಲಿ ಯೂನಿಕೋಡ್ ಆಗಿ ಹೋಗುವುದರಿಂದ 70. ಅದೂ ನಾನು ಮೇಲೆ ಎಣಿಸಿದ ರೀತಿಯ 70. ಆರು ಸುಬ್ರಹ್ಮಣ್ಯರು ಹಿಡಿಸುತ್ತಾರೆ.

ಚಂದ್ರಗಿರಿ ದಡ · ಭಾನುವಾರ ಬೆಳಿಗ್ಗೆ 10.48

ನಮ್ಮ ಮನೆಮಾತು ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. ಇಲ್ಲಿ ಎರಡೂ ಬದಿಯ ಪರವಾಗಿ ಸ್ವಲ್ಪ ಹೇಳಬೇಕೆನಿಸುತ್ತದೆ.

ತ್ರಿಶೂರಿನ ಹುಡುಗನ ಮೇಲೆ ಎಲ್ಲರೂ ನಗುತ್ತಿದ್ದೇವೆ. ಅವನ ಜಾಗದಲ್ಲಿ ನಿಂತು ನೋಡಿ. ಒಂದು ರಾತ್ರಿ ಬರೆದ ದಾಖಲೆ, ಅದರಲ್ಲಿ 'ಓಲ್ಡ್ ಸ್ಟಾಕ್', ಕೈಯಲ್ಲಿ ದಿನಸಿ ಅಂಗಡಿಯ ಕೋಡು. ಬೇರೆ ಏನು ಮಾಡಬೇಕಿತ್ತು? ಅವನನ್ನು ಒಮ್ಮೆಯಾದರೂ ಮಾವನ ಅಂಗಡಿಗೆ ಕರೆದುಕೊಂಡು ಹೋಗಿದ್ದಿರಾ? ನಮ್ಮ ಕಾಲೇಜಿನಲ್ಲಿಯೂ ಹೀಗೆಯೇ ಆಗುತ್ತಿತ್ತು. ಊರಿನವನು 'ಅವರ ಮಾತು ನನಗೆ ಗೊತ್ತು, ನಾನು ಕೇಳಿಕೊಂಡು ಬರುತ್ತೇನೆ' ಎನ್ನುತ್ತಾನೆ. ಉಳಿದ ಮೂವರು ಅವನ ಕಿವಿಯಿಂದ ಕೇಳುತ್ತಾರೆ. ಭಾಷೆ ಗೊತ್ತಿರುವವನೇ ಕೆಲವೊಮ್ಮೆ ಅಡ್ಡಗೋಡೆಯಾಗುತ್ತಾನೆ, ಯಾಕೆಂದರೆ ಅವನಿಗೆ ಎಲ್ಲವೂ ಗೊತ್ತಿದೆ ಎಂದು ಅವನಿಗೇ ಅನಿಸಿರುತ್ತದೆ.

ಕೋಪದಿಂದ ಹೇಳುತ್ತಿಲ್ಲ.

ಅಂಗಳದ ಅಡಿಕೆ · ಭಾನುವಾರ ಬೆಳಿಗ್ಗೆ 11.30

@ಚಂದ್ರಗಿರಿ ದಡ ಇಲ್ಲ, ಕರೆದುಕೊಂಡು ಹೋಗಿರಲಿಲ್ಲ. ಕೊನೆಯ ಪ್ರದರ್ಶನದ ದಿನ ಮಾತ್ರ ಬಂದಿದ್ದ. ಅವನು ಅಂದು ಮಾವನ ಜೊತೆ ಮಲಯಾಳದಲ್ಲಿ ಮಾತನಾಡಿದ, ಮಾವ ಸಲೀಸಾಗಿ ಉತ್ತರಿಸಿದರು. ನಾನು ನಡುವೆ ನಿಲ್ಲಬೇಕಾದ ಅಗತ್ಯವೇ ಇರಲಿಲ್ಲ. ಇದನ್ನು ಮೊದಲ ಬರಹದಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ.

ಲೆಕ್ಕ ಪುಸ್ತಕ · ಭಾನುವಾರ ಮಧ್ಯಾಹ್ನ 2.10

ನಾನು ಇಂಜಿನಿಯರ್ ಅಲ್ಲ. ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ ಆಯಿತು. ಈ ಅವಧಿಯಲ್ಲಿ ಮೂರು ಸಾಫ್ಟ್‌ವೇರುಗಳು ಬಂದು ಹೋದವು. ಬಳಸುವವನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಯಾವ ಸಾಫ್ಟ್‌ವೇರ್ ಮಾಡಿದವರೂ ನಮ್ಮ ಹತ್ತಿರ ಬಂದು ಕೇಳಲಿಲ್ಲ. ಅದರ ಪರಿಣಾಮ ಎಲ್ಲಿ ಕಾಣುತ್ತದೆ ಎಂದರೆ ಷರಾ ಕಾಲಮಿನಲ್ಲಿ. ಪ್ರತಿ ಪರದೆಯ ಕೊನೆಗೆ ಒಂದು ಷರಾ ಪೆಟ್ಟಿಗೆ ಇರುತ್ತದೆ, ಏನು ಬೇಕಾದರೂ ಬರೆಯಬಹುದು. ನಾವು ಅದರಲ್ಲಿ ಏನೆಲ್ಲ ಬರೆದಿದ್ದೇವೆ ಗೊತ್ತೇ? 'ಗೋಣಿ ತೂಕ ಕಳೆದಿದೆ.' 'ಇವರು ಮೇಲಿನ ಮನೆಯವರು, ಕೆಳಗಿನ ಮನೆಯವರಲ್ಲ.' 'ಹಣ ತಮ್ಮನ ಕೈಗೆ ಕೊಟ್ಟದ್ದು.' 'ಫೋನ್ ನಂಬ್ರ ಮಗಳದ್ದು.' ನಮ್ಮಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ, ಮನೆಯ ಹೆಸರಿನಿಂದ ಗುರುತಿಸುತ್ತೇವೆ. ಪರದೆಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಪೆಟ್ಟಿಗೆ. ಮನೆಯ ಹೆಸರಿಗೆ ಜಾಗ ಇಲ್ಲ. ನಾವು ಕೊನೆಯ ಹೆಸರಿನಲ್ಲಿ ಅದನ್ನು ಹಾಕುತ್ತಿದ್ದೆವು, ಲೆಕ್ಕ ಪರಿಶೋಧನೆಗೆ ಬಂದವರು ಆಕ್ಷೇಪ ಬರೆದರು.

ನಿಮ್ಮ ವಿದ್ಯೆಯಲ್ಲಿ ಅಗತ್ಯ ಸಂಗ್ರಹಕ್ಕೆ ಸಂದರ್ಶನ, ಪ್ರಶ್ನಾವಳಿ ಎಂದೆಲ್ಲ ಇರಬಹುದು. ನನ್ನನ್ನು ಕೇಳಿದರೆ, ಹಳೆಯ ಲೆಕ್ಕದ ಷರಾ ಕಾಲಂ ಓದಿ. ವ್ಯವಸ್ಥೆಯಲ್ಲಿ ಜಾಗ ಸಿಗದ ಸಂಗತಿಗಳೆಲ್ಲ ಅಲ್ಲಿ ಬಂದು ಕುಳಿತಿರುತ್ತವೆ. ಮಾವನ ಉದ್ದನೆಯ ಪುಸ್ತಕದ ಅಂಚಿನಲ್ಲಿಯೂ ಪೆನ್ಸಿಲಿನಲ್ಲಿ ಬರೆದದ್ದು ಇರುತ್ತದೆ, ನೋಡಿ.

ಭಾಷೆಯ ಬಗ್ಗೆ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಕೇರಳ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಕಾಗದದಲ್ಲಿ ಬರೆದುಕೊಟ್ಟರೆ ನಡೆಯುತ್ತದೆ. ಅದೇ ಮಾತನ್ನು ನಮ್ಮ ಎರಡನೆಯ ಸಾಫ್ಟ್‌ವೇರಿನ ಪೆಟ್ಟಿಗೆಯಲ್ಲಿ ಟೈಪಿಸಿದರೆ ಸಾಲಾಗಿ ಪ್ರಶ್ನೆಚಿಹ್ನೆಗಳು ಬರುತ್ತಿದ್ದವು. ಕಾನೂನು ಕೊಟ್ಟದ್ದನ್ನು ಪೆಟ್ಟಿಗೆ ಕಿತ್ತುಕೊಂಡಿತು.

ರಾತ್ರಿ ಬಸ್ಸಿನವನು · ಭಾನುವಾರ ಮಧ್ಯಾಹ್ನ 2.44

ಷರಾ ಕಾಲಮಿನ ಮಾತು ನನಗೆ ಹನ್ನೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ನಾಳೆ ಕಚೇರಿಗೆ ಹೋಗಿ ಮೊದಲು ಮಾಡುವ ಕೆಲಸ ಅದೇ.

ಕಪ್ಪು ಹಲಗೆ · ಭಾನುವಾರ ಸಂಜೆ 5.25

ನಿವೃತ್ತ ಅಧ್ಯಾಪಕ, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. 2001ರಲ್ಲಿ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದ ಮೇಲೆ ನಮಗೂ ಕಂಪ್ಯೂಟರ್ ಕಲಿಯಬೇಕಾಯಿತು. ಮುಂದೆ ಶಾಲೆಗಳಿಗೆ ಲಿನಕ್ಸ್ ಬಂತು. ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲಿ ಕನ್ನಡ ಟೈಪಿಸುವುದನ್ನು ನೋಡಿದ ಸಂತೋಷ ಇನ್ನೂ ನೆನಪಿದೆ. ಮಗಳೇ, ನೀನೂ ಅವರಲ್ಲಿ ಒಬ್ಬಳಿರಬಹುದು.

ನಿನ್ನ ಬರಹದಲ್ಲಿ ಒಂದು ವಿಷಯ ಅರ್ಧಕ್ಕೆ ನಿಂತಿದೆ. ದಿನಸಿ ಅಂಗಡಿಯ ಕೋಡನ್ನು ತಂದು ಅಡಿಕೆಗೆ ಹಾಕಿದಿರಿ. ರಿಯಾಯಿತಿ ಒಂದೇ ಅಲ್ಲ, ಇನ್ನೂ ಏನಾದರೂ ಹೊರಬಿದ್ದಿರಬೇಕು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೇಲೇರಿ 40 ಸೆಕೆಂಡಿನ ಆಸುಪಾಸಿನಲ್ಲಿ ಚೂರಾಯಿತು. ಏರಿಯಾನ್ 4ರಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ಕೋಡನ್ನು ಹಾಗೆಯೇ ತಂದಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು; 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿನ ಜಾಗಕ್ಕೆ ತುರುಕುವಾಗ ಹಿಡಿಸಲಿಲ್ಲ. ಗಣಿತದ ಮೇಷ್ಟ್ರಾಗಿ ಈ ಕಥೆಯನ್ನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ: ಪಾತ್ರೆ ಸಣ್ಣದಾದರೆ ಉಕ್ಕುತ್ತದೆ.

ಅಂಗಳದ ಅಡಿಕೆ · ಭಾನುವಾರ ಸಂಜೆ 6.50

ಸರ್, ಹೊರಬಿದ್ದಿತ್ತು. ನಾಚಿಕೆಯಿಂದ ಬರೆದಿರಲಿಲ್ಲ. ದಿನಸಿ ಅಂಗಡಿಯ ಕೋಡಿನಲ್ಲಿ ಪ್ರಮಾಣ ಎಂದರೆ ಪೂರ್ಣಾಂಕ: ಸೋಪು ಮೂರು, ಬಿಸ್ಕತ್ತು ಐದು. ಅಡಿಕೆಯ ತೂಕ 48.7 ಕಿಲೋ ಎಂದು ಒತ್ತಿದರೆ ಒಳಗೆ 48 ಆಗುತ್ತಿತ್ತು. ಕಿಲೋಗೆ ನಾನೂರು ಎಂದಿಟ್ಟುಕೊಂಡರೂ ಆ 700 ಗ್ರಾಮಿಗೆ 280 ರೂಪಾಯಿ. ಎರಡು ದಿನ ಪ್ರಾಯೋಗಿಕವಾಗಿ ಓಡಿಸಿದೆವು. ಮಾವ ಪುಸ್ತಕದಲ್ಲೂ ಬರೆದಿಡುತ್ತಿದ್ದರು, ಅದರಿಂದ ಬಚಾವಾದೆವು. ಎರಡನೆಯ ಸಂಜೆ ಪುಸ್ತಕವನ್ನೂ ಪರದೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, "ನಿನ್ನ ಯಂತ್ರಕ್ಕೆ ಚಿಲ್ಲರೆ ತಿನ್ನುವ ಅಭ್ಯಾಸ ಇದೆ" ಎಂದರು. ನಾವು ಬರೆದ ಅಷ್ಟೂ ಪರೀಕ್ಷೆಗಳಲ್ಲಿ ತೂಕ 10, 50, 100. ದಶಾಂಶ ಇರುವ ಒಂದೂ ಇರಲಿಲ್ಲ.

ಇನ್ನೊಂದು, ಕರೆಂಟು. ನಮ್ಮದು ಸದಾ ಇಂಟರ್ನೆಟ್ ಬೇಕಾದ ವ್ಯವಸ್ಥೆ. ಏಪ್ರಿಲ್ ಕೊನೆಯ ಒಂದು ಗುಡುಗು ಮಳೆಗೆ ಸಂಜೆ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂತು. ಟವರ್ ಕೂಡ ಸತ್ತಿತ್ತು. ಮಾವ ಟಾರ್ಚ್ ಹಿಡಿದು ಪುಸ್ತಕದಲ್ಲಿ ಬರೆಯುತ್ತಿದ್ದರು. ಎಸ್‌ಆರ್‌ಎಸ್‌ನಲ್ಲಿ ಲಭ್ಯತೆ ಶೇಕಡಾ 99.9 ಎಂದು ನಾವು ಬರೆದಿದ್ದೆವು. ಯಾರ ಕರೆಂಟನ್ನು ನಂಬಿ ಬರೆದೆವೋ ತಿಳಿಯದು.

ನೇರ ಮಾತು · ಭಾನುವಾರ ರಾತ್ರಿ 8.15

ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ, ಸಂದರ್ಶನದಲ್ಲಿ ಇವೆಲ್ಲ ಕೇಳುವುದಿಲ್ಲ. ಆದರೆ 48.7 ಓದಿ ನನ್ನದೇ ಪ್ರಾಜೆಕ್ಟ್ ನೆನಪಾಯಿತು. ನಮ್ಮದು ಐದು ಜನರ ಗುಂಪು, ಕೆಲಸ ಮಾಡಿದವರು ಇಬ್ಬರು. ಕೊನೆಯ ವಾರ ಮಾರ್ಗದರ್ಶಕರು ಗದರಿದ ಮೇಲೆ ಉಳಿದ ಮೂವರೂ ಬಂದು ಸೇರಿದರು. ಅವರಿಗೆ ವಿವರಿಸುವುದರಲ್ಲಿಯೇ ಮೂರು ದಿನ ಹೋಯಿತು, ಅವರು ತಿದ್ದಿದ್ದನ್ನು ಸರಿಪಡಿಸಲು ಎರಡು ದಿನ. ಇಬ್ಬರೇ ಇದ್ದಿದ್ದರೆ ಮುಗಿಯುತ್ತಿತ್ತು.

ರಾತ್ರಿ ಬಸ್ಸಿನವನು · ಭಾನುವಾರ ರಾತ್ರಿ 8.40

ನೋಡಿ, ನೀವೇ ಸಾಫ್ಟ್‌ವೇರ್ ಇಂಜಿನಿಯರಿಂಗ್ ಮಾತನಾಡಲು ಶುರು ಮಾಡಿದಿರಿ. ಐಬಿಎಂನ ಓಎಸ್/360 ಎಂಬ ದೊಡ್ಡ ಸಾಫ್ಟ್‌ವೇರಿನ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು ಇದನ್ನೇ: ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನಷ್ಟು ತಡ.

ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಅಡಿಕೆ ಸುಲಿಯಲು ಹತ್ತು ಜನ ಬಂದರೆ ರಾಶಿ ಬೇಗ ಕರಗುತ್ತದೆ, ಒಬ್ಬರು ಇನ್ನೊಬ್ಬರನ್ನು ಏನೂ ಕೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವಾಗ ಹಾಗಲ್ಲ. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಯಾವ ಸಾಲು ಮುಗಿಯಿತು, ಯಾವುದು ಬಾಕಿ ಎಂಬುದು ಒಬ್ಬನ ತಲೆಯಲ್ಲಿರುತ್ತದೆ. ಮಳೆ ಬಿಟ್ಟ ಎರಡು ಗಂಟೆಯಲ್ಲಿ ಹೊಸಬರು ಮೂವರು ಬಂದು 'ಎಲ್ಲಿಂದ ಶುರು ಮಾಡಲಿ?' ಎಂದರೆ ಮಳೆ ಮತ್ತೆ ಬರುತ್ತದೆ.

ಶಿರಸಿ ಸೀಮೆ · ಭಾನುವಾರ ರಾತ್ರಿ 9.12

ನಿನ್ನೆಯಿಂದ ಓದುತ್ತಿದ್ದೇನೆ. ನಿಮ್ಮದು ಚಾಲಿಯ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಯ ಲೆಕ್ಕ. ಈ ಸಾಫ್ಟ್‌ವೇರ್ ನಮ್ಮ ಕಡೆಗೂ ಬರುವುದಾದರೆ ಕೆಂಪಡಿಕೆ ಇದೆ, ಬೇಯಿಸಿ ಒಣಗಿಸುವುದು: ರಾಶಿ, ಬೆಟ್ಟೆ, ತಟ್ಟಿಬೆಟ್ಟೆ. ಏಳು ಆಯ್ಕೆಗಳ ಪಟ್ಟಿಗೆ ಇವನ್ನೂ ಸೇರಿಸುತ್ತೀರೋ, ಬೇರೆ ಪಟ್ಟಿ ಮಾಡುತ್ತೀರೋ?

ಅಂಗಳದ ಅಡಿಕೆ · ಭಾನುವಾರ ರಾತ್ರಿ 9.20

@ಶಿರಸಿ ಸೀಮೆ ಅಯ್ಯೋ. 'ರಾಶಿ' ಎಂದು ನಮ್ಮ ಕೋಡಿನಲ್ಲಿ ಈಗಾಗಲೇ ಒಂದು ಹೆಸರಿದೆ, ಒಟ್ಟು ದಾಸ್ತಾನಿಗೆ.

ಅಂಗಳದ ಅಡಿಕೆ · ಬುಧವಾರ ರಾತ್ರಿ 10.05

ಮೂರು ದಿನ ಬರೆಯಲಾಗಲಿಲ್ಲ, ಅಂಗಡಿಯಲ್ಲೇ ಇದ್ದೆ.

ಸೋಮವಾರ 1.3ನೇ ಭಾಗವನ್ನು ಅಳಿಸಿ ಮತ್ತೆ ಬರೆದೆ, ಕನ್ನಡದಲ್ಲಿ, ಎರಡು ಪುಟ. ಮೊದಲು ಮಾವನ ಪುಸ್ತಕದ ಅಂಚುಗಳನ್ನು ಓದಿದೆ. ಲೆಕ್ಕ ಪುಸ್ತಕದವರು ಹೇಳಿದಂತೆ ಪೆನ್ಸಿಲಿನ ಗುರುತುಗಳಿದ್ದವು. ಒಂದು ಸಣ್ಣ ಸೊನ್ನೆ ಹಾಕಿದ್ದರೆ ಹಣ ಕೊಟ್ಟಿಲ್ಲ, ಅಡಿಕೆ ಮಾತ್ರ ಇಟ್ಟುಹೋಗಿದ್ದಾರೆ, ದರ ಏರಿದಾಗ ಮಾರುತ್ತಾರೆ ಎಂದರ್ಥವಂತೆ. ಅಂದರೆ ಆ ಅಡಿಕೆ ಅಂಗಡಿಯಲ್ಲಿದೆ, ಆದರೆ ಅಂಗಡಿಯದ್ದಲ್ಲ. ನಮ್ಮ ಡೇಟಾಬೇಸಿನಲ್ಲಿ ಅಂಗಡಿಯೊಳಗೆ ಬಂದದ್ದೆಲ್ಲ ಅಂಗಡಿಯದ್ದು. ಆ ಸೊನ್ನೆಯ ಬಗ್ಗೆ ನಾಲ್ಕು ತಿಂಗಳಲ್ಲಿ ನಾನು ಕೇಳಿರಲಿಲ್ಲ, ಮಾವನೂ ಹೇಳಿರಲಿಲ್ಲ. "ಅದು ನಿನಗೆ ಗೊತ್ತಿರುತ್ತದೆ ಎಂದುಕೊಂಡೆ" ಎಂದರು. ಚಂದ್ರಗಿರಿ ದಡದವರ ಮಾತು ನೆನಪಾಯಿತು.

ತ್ರಿಶೂರಿನ ಗೆಳೆಯನಿಗೆ ವಿಡಿಯೋ ಕರೆ ಮಾಡಿ ಅವನನ್ನೂ ಕೂರಿಸಿಕೊಂಡೆ. ಪುಟಗಳನ್ನು ಗಟ್ಟಿಯಾಗಿ ಓದಿದೆ, ಮಾವ ಕೇಳಿದರು, ಅವನಿಗೆ ಅರ್ಥವಾಗದಲ್ಲಿ ಅವನೇ ಮಾವನನ್ನು ಕೇಳಿದ. ಏಳು ಕಡೆ ತಿದ್ದುಪಡಿ ಆಯಿತು. ಹೊಸದು ಹಳೆಯದಾಗುವುದಕ್ಕೆ ಈಗ ತಾರೀಕು ಇಲ್ಲ, ಒಂದು ಗುಂಡಿ ಇದೆ. ಪೇಟೆ ಹೇಳಿದ ದಿನ ಮಾವ ಒತ್ತಬೇಕು. ಆ ಯೋಚನೆ ಗೆಳೆಯನದ್ದು.

ಪಟೋರ ಮಾತ್ರ ಇತ್ಯರ್ಥವಾಗಲಿಲ್ಲ. ಯಾವುದನ್ನು ಪಟೋರಕ್ಕೆ ಸೇರಿಸಬೇಕು, ಯಾವುದನ್ನು ಸೇರಿಸಬಾರದು ಎಂದು ಮಾವನಿಗೂ ಅಲ್ಲಿ ಕುಳಿತಿದ್ದ ನೀರ್ಚಾಲಿನ ಕೃಷಿಕರಿಗೂ ಅರ್ಧ ಗಂಟೆ ವಾದ ನಡೆಯಿತು. ಇಬ್ಬರೂ ಗೋಣಿಯಿಂದ ಅಡಿಕೆ ತೆಗೆದು ಕತ್ತರಿಸಿ ತೋರಿಸಿದರು. ನಾನು ಎರಡು ಅರ್ಥಗಳನ್ನೂ ಬರೆದುಕೊಂಡು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೇನೆ.

ಹೊರಡುವಾಗ ಮಾವ ಒಂದು ಪ್ರತಿ ಕೇಳಿದರು. ಅಂಗಡಿಗೆ ಹೊಸ ಹುಡುಗನೊಬ್ಬ ಬಂದಿದ್ದಾನೆ, ಅವನಿಗೆ ಬಗೆಗಳು ಇನ್ನೂ ಗೊತ್ತಾಗುತ್ತಿಲ್ಲವಂತೆ. ಪುಟಗಳನ್ನು ತೂಕದ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದಾರೆ. ಸಾಫ್ಟ್‌ವೇರ್ ಇನ್ನೂ ಚಿಲ್ಲರೆಯ ದುರಸ್ತಿಯಲ್ಲಿದೆ.

ಲೆಕ್ಕ ಪುಸ್ತಕ · ಗುರುವಾರ ಬೆಳಿಗ್ಗೆ 6.55

ಆ ಎರಡು ಪುಟಗಳ ಫೋಟೋ ಹಾಕಿ. ಪಟೋರದ ವಿಷಯದಲ್ಲಿ ನೀರ್ಚಾಲಿನವರು ಏನೆಂದರು ಎಂಬುದು ನನಗೂ ಬೇಕು.